ದಫೇದಾರನ ಡ್ಯೂಟಿ

ಓಡುವಷ್ಟು ದಿನ ಕುದುರೆಗೆ ಬಾದಾಮಿ, ಕಾಲು ಉಳುಕಿದ ಮರುದಿನ ಹರಾಜು. ಇದನ್ನು ಯಾರೂ ಕ್ರೌರ್ಯ ಎನ್ನುವುದಿಲ್ಲ, ವ್ಯವಹಾರ ಎನ್ನುತ್ತಾರೆ. ಬಾಜಿ ಕಟ್ಟಿದವರು, ಸಾರೋಟಿನಲ್ಲಿ ಮೆರೆದವರು, ಬೆನ್ನ ಮೇಲೆ ಕೂತು ಫೋಟೋ ತೆಗೆಸಿಕೊಂಡವರು, ಹರಾಜಿನ ದಿನ ಎಲ್ಲರಿಗೂ ಬೇರೆಲ್ಲೋ ತುರ್ತು ಕೆಲಸವಿರುತ್ತದೆ. ತಪ್ಪದೆ ಅಲ್ಲಿಗೆ ಬಂದು ನಿಲ್ಲುತ್ತಿದ್ದವಳು ಲಾಳದಕ್ಕ ಒಬ್ಬಳೇ.

ಲಾಳ ಹೊಡೆಯುವುದು ಅವಳ ಅಪ್ಪನ ಕಸುಬು. ಕಾಲು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ ಎಂದು ಅಪ್ಪ ಮಗಳನ್ನು ಜೊತೆಗೆ ಕರೆದೊಯ್ದ. ಮಗಳು ಸುತ್ತಿಗೆಯನ್ನೇ ಕಿತ್ತುಕೊಂಡಳು. ಕುದುರೆಯ ಗೊರಸನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವ ಹೆಂಗಸನ್ನು ಕಂಡು ರೇಸಿನ ಸಾಹುಕಾರರು ಮೊದಲು ನಕ್ಕರು, ಆಮೇಲೆ ಅವಳಿಗೇ ಹೇಳಿ ಕಳಿಸತೊಡಗಿದರು. ಮೊಳೆ ಕಚ್ಚಿಕೊಂಡೇ ಮಾತಾಡಿ ಮಾತಾಡಿ ಅವಳ ಮಾತು ಇವತ್ತಿಗೂ ತುಟಿಯ ಒಂದು ಮೂಲೆಯಿಂದಲೇ ಬರುತ್ತದೆ. ಗಂಡ ತೀರಿಕೊಂಡ ಮೇಲೂ ಸುತ್ತಿಗೆ ಕೆಳಗಿಡಲಿಲ್ಲ.

ಒಂದು ದಿನ, ಬೆಳಿಗ್ಗೆ ತಾನು ಹೊಸ ಲಾಳ ಹೊಡೆದ ಕುದುರೆಯನ್ನು ಸಂಜೆ ಕಸಾಯಿಯವನ ಲಾರಿಗೆ ಹತ್ತಿಸುವುದನ್ನು ಅವಳು ನೋಡಿದಳು. 'ಇಳಿಸ್ರೋ ಅದನ್ನ' ಎಂದು ಲಾರಿಯ ಮುಂದೆ ನಿಂತಳು. ಇಳಿಸಿದರು. ಕುದುರೆಯೇನೋ ಕೈಗೆ ಬಂತು, ಇಡುವುದೆಲ್ಲಿ? ಹಳೆಯ ಗಿರಾಕಿಯಾದ ಮರದ ವ್ಯಾಪಾರಿ, ಮುಚ್ಚಿಹೋಗಿದ್ದ ತಮ್ಮ ಮರ ಕೊಯ್ಯುವ ಮಿಲ್ಲಿನ ಅಂಗಳವನ್ನು ಬಿಟ್ಟುಕೊಟ್ಟರು. ದಿಮ್ಮಿಗಳಿದ್ದ ಶೆಡ್ಡು ಲಾಯವಾಯಿತು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಗರಗಸದ ಹೊಟ್ಟು ಹಾಸಿಗೆಯಾಯಿತು. ಮೈದುನ ಹುಲ್ಲಿನ ಕೆಲಸಕ್ಕೆ ಬಂದು, ಇವತ್ತು ಹೋಗುತ್ತೇನೆ ನಾಳೆ ಹೋಗುತ್ತೇನೆ ಎನ್ನುತ್ತಲೇ ಅಲ್ಲೇ ಉಳಿದ.

ಈಗ ಅಲ್ಲಿರುವ ಒಂದೊಂದು ಕುದುರೆಯೂ ಯಾರೋ ಬೇಡವೆಂದದ್ದೇ. ಕಣ್ಣು ಕಾಣದ ಬಿಳಿ ಹೆಣ್ಣು ಕುದುರೆಯೊಂದಿದೆ. ಸಿನಿಮಾಗಳಲ್ಲಿ ಗುಂಡೇಟಿಗೆ ಬೀಳುತ್ತಿದ್ದ ಕಪ್ಪು ಕುದುರೆಯೊಂದಿದೆ; ಯಾರಾದರೂ ಜೋರಾಗಿ ಸೀನಿದರೆ ಸಾಕು, ಈಗಲೂ ಅದು ನಿಂತಲ್ಲೇ ಮಲಗಿಬಿಡುತ್ತದೆ. ಬುಧವಾರ ಫಿಸಿಯೋಥೆರಪಿಯ ಡಾಕ್ಟರಮ್ಮ ತನ್ನ ರೋಗಿಗಳನ್ನು ಕರೆತರುತ್ತಾಳೆ. ಸೋತ ಕೈಯಲ್ಲಿ ಬ್ರಷ್ ಹಿಡಿದು ಕುದುರೆಯ ಮೈ ಉಜ್ಜುವುದು, ಅದರ ಪಕ್ಕ ಅದರಷ್ಟೇ ನಿಧಾನ ನಡೆಯುವುದು, ಹೊಟ್ಟೆಗೆ ಕಿವಿಯಿಟ್ಟು ಉಸಿರು ಕೇಳುವುದು, ಇಷ್ಟೇ. ಇದನ್ನು ಚಿಕಿತ್ಸೆ ಎಂದರೆ ಲಾಳದಕ್ಕನಿಗೆ ಮುಜುಗರ. 'ಕುದುರೆ ಏನೂ ಮಾಡಲ್ಲಪ್ಪ, ಸುಮ್ನೆ ಪಕ್ಕದಲ್ಲಿ ನಿಂತಿರುತ್ತೆ. ಮನುಷ್ಯರಲ್ಲಿ ಅಷ್ಟು ಮಾಡೋರು ಎಷ್ಟು ಜನ ಸಿಗ್ತಾರೆ ಹೇಳಿ?' ಎನ್ನುತ್ತಾಳೆ.

ಭಾನುವಾರ ಮಾತ್ರ ಗೇಟು ಊರಿಗೆಲ್ಲ ತೆರೆದಿರುತ್ತದೆ. ತಕರಾರು ಶುರುವಾದದ್ದು ಅಲ್ಲಿಂದ, ಮತ್ತು ದಫೇದಾರನಿಂದ.

ದಫೇದಾರ ಪೊಲೀಸ್ ಕುದುರೆ. ಕಂದು ಬಣ್ಣ, ಬೀರುವಿನಂಥ ಮೈ. ವಯಸ್ಸಾಯಿತೆಂದು ಇಲಾಖೆಯವರು ಹರಾಜಿಗೆ ಹಾಕಿದ್ದಾಗ ಲಾಳದಕ್ಕ ಬಿಡಿಸಿಕೊಂಡು ಬಂದಳು. ವಾರವೆಲ್ಲ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಭಾನುವಾರ ಜನ ಬಂದರೆ ಮಾತ್ರ ಹೋಗಿ ಭುಜ ಕೊಟ್ಟು ತಳ್ಳುತ್ತಿದ್ದ. ಕಚ್ಚಿದ್ದಿಲ್ಲ, ಒದ್ದದ್ದಿಲ್ಲ, ಒಬ್ಬರ ಕಾಲು ತುಳಿದದ್ದೂ ಇಲ್ಲ. ಸುಮ್ಮನೆ ಬಂದು, ಒರಗಿ, ನೂಕುವುದು. ಜನರ ಸುರಕ್ಷತೆಗೆಂದು ಲಾಳದಕ್ಕ ಒಂದು ನಿಯಮ ಮಾಡಿದಳು: ಬಂದವರೆಲ್ಲ ಗೇಟಿನ ಹತ್ತಿರ ಒಟ್ಟಾಗಿ ನಿಲ್ಲಬೇಕು, ಅಲ್ಲಿ ಇಲ್ಲಿ ಚೆದುರಬಾರದು. ದಫೇದಾರ ಇನ್ನೂ ಜೋರಾಗಿ ತಳ್ಳತೊಡಗಿದ. ಅವಳು ನಿಯಮವನ್ನು ಇನ್ನೂ ಬಿಗಿ ಮಾಡಿದಳು.

ಹೀಗಿರುವಾಗ ಒಂದು ಭಾನುವಾರ ಮರದ ವ್ಯಾಪಾರಿಗಳೇ ನೆಂಟರನ್ನು ಕರೆದುಕೊಂಡು ಬಂದರು. ದಫೇದಾರ ಈ ಯಜಮಾನರನ್ನೇ ನೀರಿನ ತೊಟ್ಟಿಯವರೆಗೂ ನೂಕಿಕೊಂಡು ಹೋಗಿ, ಒಳಗೆ ಕೂರಿಸಿಯೇ ನಿಂತ.

ಯಜಮಾನರು ನೆನೆದು ತೊಪ್ಪೆಯಾಗಿ ಎದ್ದರು. ನೆಂಟರು ಗೋಡೆಯ ಕಡೆ ತಿರುಗಿ ನಗು ನುಂಗಿಕೊಳ್ಳುತ್ತಿದ್ದರು. ಕುದುರೆಗಿಂತ ಹೆಚ್ಚಾಗಿ ಆ ನಗುವೇ ಅವರನ್ನು ಕಚ್ಚಿತು.

'ನೋಡಮ್ಮ, ಆ ಪ್ರಾಣಿ ಇಲ್ಲಿಂದ ಹೋಗ್ಬೇಕು. ಇಲ್ಲಾಂದ್ರೆ ನಿನ್ನ ಭಾನುವಾರವೂ ಬೇಡ, ಬುಧವಾರವೂ ಬೇಡ.'

'ಒಂದೇ ಒಂದು ಭಾನುವಾರ ನೋಡಿ ಯಜಮಾನ್ರೇ. ಆವತ್ತೂ ತಳ್ಳಿದ್ರೆ ನಾನೇ ಕಳಿಸ್ತೀನಿ.'

ಕಳಿಸುವುದೆಲ್ಲಿಗೆ? ಸುದ್ದಿ ತಿಳಿದ ಇಟ್ಟಿಗೆ ಗೂಡಿನವನು ಮರುದಿನವೇ ಹಾಜರಾದ. ದಫೇದಾರನ ಭುಜ ಒತ್ತಿ ನೋಡಿ, 'ಇನ್ನೆರಡು ವರ್ಷ ಗಾಡಿ ಎಳೀತಾನೆ' ಎಂದ. ಅದರಾಚೆಗೆ ಏನೆಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಆ ವಾರ ಲಾಳದಕ್ಕ ಕುಲುಮೆ ಹಚ್ಚಿ ದಪ್ಪನೆಯ ನಾಲ್ಕು ಲಾಳ ಬಡಿದಳು.

'ಹೊಟ್ಟಿನ ಮೇಲೆ ಓಡಾಡೋ ಕುದುರೆಗೆ ಲಾಳ ಯಾಕತ್ತಿಗೆ?' ಮೈದುನ ಕೇಳಿದ.

'ಇಟ್ಟಿಗೆ ಗೂಡಿನ ರಸ್ತೆ ತುಂಬ ಜಲ್ಲಿಕಲ್ಲು ಕಣೋ.'

ಮಾತಿಗೊಂದು ತಮಾಷೆ ಎಸೆಯುವ ಮೈದುನ ಆವತ್ತು ತಮಾಷೆ ಬಿಟ್ಟು ತಿದಿ ಒತ್ತಲು ಕೂತ.

ಭಾನುವಾರ ಬಂತು. ಗೇಟಿನಲ್ಲಿ ಸಂಸಾರಗಳು, ವೃದ್ಧಾಶ್ರಮದಿಂದ ಬಂದ ಒಂದು ತಂಡ, ಅವರ ನಡುವೆ ಒಗೆದ ಬಿಳಿ ಪ್ಯಾಂಟು ತೊಟ್ಟು ಕೈಕಟ್ಟಿ ನಿಂತ ಯಜಮಾನರು. ಬೇಲಿಯ ಆಚೆ ಹಗ್ಗ ಹಿಡಿದುಕೊಂಡ ಇಟ್ಟಿಗೆ ಗೂಡಿನವನು. ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಬಸ್ ಕಂಡಕ್ಟರ್.

ಈ ಕಂಡಕ್ಟರ್ ಬುಧವಾರದವರು. ನಿವೃತ್ತಿಗೆ ಸ್ವಲ್ಪ ಮುಂಚೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತು, ಮಾತು ನಿಂತಿತು. ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಏನೂ ಬರುವುದಿಲ್ಲ. ಅವರ ಸಂಸ್ಥೆ ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡಿತು. ಜೀವನವಿಡೀ ಊರನ್ನೆಲ್ಲ ಹೊತ್ತು ಮುಟ್ಟಿಸಿದವನಿಗೆ ಗಡಿಯಾರ! ಕುದುರೆಯನ್ನಾದರೆ ಹರಾಜು ಹಾಕುತ್ತಾರೆ, ಮನುಷ್ಯನಿಗೆ ಆ ಮರ್ಯಾದೆಯೂ ಇಲ್ಲ. 'ಮನೇಲಿ ಕೂತು ಆ ಗಡಿಯಾರ ನೋಡೋ ಬದಲು ಕುದುರೆ ನೋಡಿ, ಬನ್ನಿ' ಎಂದು ಅವರ ಹೆಂಡತಿ ಆ ಭಾನುವಾರವೂ ಎಬ್ಬಿಸಿಕೊಂಡು ಬಂದಿದ್ದರು.

'ಒತ್ತಾಗಿ ನಿಂತ್ಕೊಳ್ಳಿ, ಯಾರೂ ಚೆದುರಬೇಡಿ!' ಲಾಳದಕ್ಕ ಕೂಗಿದಳು.

ಅಂಗಳದ ಆ ತುದಿಯಲ್ಲಿ ದಫೇದಾರ ಮೇಯುವುದನ್ನು ನಿಲ್ಲಿಸಿದ. ಕಿವಿ ನೆಟ್ಟಗಾದವು. ಗಂಭೀರವಾಗಿ ನಡೆದು ಬಂದು ಗುಂಪಿನ ಅಂಚಿಗೆ ಭುಜವಿಟ್ಟ.

'ಇನ್ನೂ ಹತ್ತಿರ, ಇನ್ನೂ ಹತ್ತಿರ ಬನ್ನಿ!' ಎಂದಳು ಲಾಳದಕ್ಕ. ಅವನು ಇನ್ನಷ್ಟು ಒರಗಿದ. ವೃದ್ಧಾಶ್ರಮದ ಅಜ್ಜಿಯೊಬ್ಬರು 'ಯಾರಪ್ಪಾ ಅದು ತಳ್ಳೋದು, ಸ್ವಲ್ಪವೂ ನಾಚಿಕೆ ಇಲ್ಲ' ಎಂದು ಹಿಂದೆ ತಿರುಗಿ, ಕುದುರೆಯ ಮುಖ ಕಂಡು 'ಓ, ನೀವಾ' ಎಂದರು.

'ಆಯ್ತಲ್ಲಮ್ಮ, ನೋಡಿದ್ಯಲ್ಲ' ಎಂದರು ಯಜಮಾನರು. ಇಟ್ಟಿಗೆ ಗೂಡಿನವನು ಹಗ್ಗದ ಸುರುಳಿ ಬಿಚ್ಚಿದ.

ಆಗ ಬೆಂಚಿನ ಕಡೆಯಿಂದ, ಇಡೀ ಅಂಗಳ ಬೆಚ್ಚುವಂಥ ಒಂದು ದನಿ ಬಂತು.

'ಏಯ್, ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಪೂರ್ತಿ ಖಾಲಿ ಇದೆ!'

ಕಂಡಕ್ಟರ್ ಎದ್ದು ನಿಂತಿದ್ದರು. ಎಡಗೈ ಗಾಳಿಯಲ್ಲಿ ಜನರನ್ನು ಒಳಗೆ ಬೀಸುತ್ತಿತ್ತು.

ಆ ಮಾತಿಗೆ ಎದುರು ನಿಲ್ಲುವ ಜನ ನಾವಲ್ಲ. ಬಸ್ಸಿನಲ್ಲಿ ಬೆಳೆದ ಕಾಲುಗಳು ಯಾರ ಅಪ್ಪಣೆಯನ್ನೂ ಕಾಯದೆ ಚಲಿಸಿದವು. ಗುಂಪು ಸಡಿಲವಾಗಿ ಅಂಗಳದ ಉದ್ದಕ್ಕೂ ಹರಡಿಕೊಂಡಿತು. ಯಜಮಾನರೊಬ್ಬರು ಮಾತ್ರ ಗೇಟಿನಲ್ಲೇ ಉಳಿದರು.

'ನಿಮಗೆ ಬೇರೆ ಹೇಳಬೇಕಾ? ಒಳಗೆ ಹೋಗಿ ಸ್ವಾಮಿ!'

ಯಜಮಾನರಿಗೆ ಯಾರಾದರೂ ಈ ದನಿಯಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಹೋದರು.

ಗುಂಪೇ ಇಲ್ಲವಾದ ಮೇಲೆ ದಫೇದಾರ ನಿಂತ. ದೀರ್ಘವಾಗಿ ಉಸಿರುಬಿಟ್ಟು, ತಲೆ ತಗ್ಗಿಸಿಕೊಂಡು ಹೋಗಿ, ಜೊತೆಯಲ್ಲಿ ಪಾಳಿ ಮುಗಿಸಿದವನಂತೆ ಕಂಡಕ್ಟರ್ ಪಕ್ಕ ನಿಂತುಕೊಂಡ.

ಲಾಳದಕ್ಕ ಹಣೆಗೆ ಕೈ ಬಡಿದುಕೊಂಡಳು. 'ಅಯ್ಯೋ ನನ್ನ ಬುದ್ಧಿಗಿಷ್ಟು! ಗುಂಪು ಕಂಡ್ರೆ ಚೆದುರಿಸು ಅಂತಾನೇ ಅಲ್ವಾ ಇವನಿಗೆ ಪೊಲೀಸಿನೋರು ಕಲಿಸಿದ್ದು? ನಾನೇ ವಾರವಾರ ಗುಂಪು ಕಟ್ಟಿ ಇವನ ಮುಂದೆ ಇಟ್ಟಿದ್ದೀನಲ್ಲ!'

'ಸೀನಿದ್ರೆ ಬೀಳೋ ಕುದುರೆನ ದಿನಾ ನೋಡ್ತಾ ಇದ್ದೀವಿ, ಆದ್ರೂ ಹೊಳೀಲಿಲ್ಲ ನೋಡತ್ತಿಗೆ' ಎಂದ ಮೈದುನ. ಅವನ ತಮಾಷೆ ಮರಳಿ ಬಂದಿತ್ತು.

ಕಂಡಕ್ಟರ್ ಹೆಂಡತಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅಳು ಒಂದು ಕಡೆ, ಸಿಟ್ಟು ಒಂದು ಕಡೆ. 'ರೀ, ಹೋದ ವರ್ಷದಿಂದ ಒಂದು ಮಾತಿಗೆ ನಿಮ್ಮ ಬಾಯಿ ನೋಡ್ಕೊಂಡು ಕೂತಿದ್ದೀನಿ. ಮೊದಲ ಮಾತು ಕಂಡ ಕಂಡೋರಿಗಾ?'

ಕಂಡಕ್ಟರ್ ಹೆಂಡತಿಯನ್ನು ನೋಡಿದರು. ತುಟಿ ಒದ್ದಾಡಿತು. ಬೇಕಾದ ಮಾತು ಎಷ್ಟು ತಡಕಿದರೂ ಸಿಗಲಿಲ್ಲ, ಸಿಕ್ಕಿದ್ದನ್ನೇ ಕೊಟ್ಟರು. 'ಲೇಡೀಸ್ ಸೀಟು... ಕೂತ್ಕೊಳ್ಳಿ' ಎಂದು ಬೆಂಚು ತೋರಿಸಿದರು. ಆಯಮ್ಮ ನಗುತ್ತ, ಮೂಗೊರೆಸಿಕೊಳ್ಳುತ್ತ ಕೂತರು.

ಯಜಮಾನರು ತೊಟ್ಟಿಯಿಂದ ಎಚ್ಚರಿಕೆಯ ದೂರ ಕಾಯ್ದುಕೊಂಡು ಹತ್ತಿರ ಬಂದರು. 'ನನ್ನನ್ನ ಯಾವ ಸ್ಟಾಪಲ್ಲಿ ಇಳಿಸ್ತೀರಿ?'

ಕಂಡಕ್ಟರ್ ಎಡಗೈ ಚಾಚಿದರು. 'ಟಿಕೆಟ್?'

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು, ಕಣ್ಣೊರೆಸಿಕೊಂಡು, ಬೇಲಿಯ ಕಡೆ ತಿರುಗಿ, 'ನೀವು ಹೊರಡಿ, ಕುದುರೆ ಡ್ಯೂಟಿ ಮೇಲಿದೆ' ಎಂದರು. ಇಟ್ಟಿಗೆ ಗೂಡಿನವನು ಹಗ್ಗ ಸುತ್ತಿಕೊಂಡ.

ಪವಾಡವೇನೂ ನಡೆಯಲಿಲ್ಲ. ನಾಲಗೆ ಸವೆಯುವಷ್ಟು ಆಡಿದ ಮಾತುಗಳು ಕೆಲವೊಮ್ಮೆ ಹೀಗೆ ತಾವಾಗಿ ಹೊರಬರುತ್ತವೆ, ಹೊಸ ಮಾತಿಗೆ ಇನ್ನೂ ದುಡಿಯಬೇಕು ಎಂದಳು ಡಾಕ್ಟರಮ್ಮ. ದುಡಿಯುತ್ತಿದ್ದಾರೆ. ಮನೆಯಲ್ಲೀಗ ಕಾಫಿ ಬೇಕಾದರೆ 'ಒಂದು ಕಾಫಿ, ಚಿಲ್ಲರೆ ಕೊಡಿ' ಎನ್ನುತ್ತಾರಂತೆ.

ಒತ್ತಾಗಿ ನಿಲ್ಲುವ ನಿಯಮ ಹೋಯಿತು. ಭಾನುವಾರ ಗೇಟಿನಲ್ಲಿ ಒಂದು ಸ್ಟೂಲು, ಅದರ ಮೇಲೆ ಕಂಡಕ್ಟರ್, ಪಕ್ಕದಲ್ಲಿ ದಫೇದಾರ. ಒಬ್ಬರು ಬಾಯಲ್ಲಿ ಕೆಲಸ ಮಾಡುತ್ತಾರೆ, ಒಬ್ಬ ಭುಜದಲ್ಲಿ. ಕಂಡಕ್ಟರಿಗೆ ಮಾತು ಸಿಕ್ಕಿದ ದಿನ ಭುಜಕ್ಕೆ ರಜೆ. ಲಾಳದಕ್ಕ ಬಡಿದಿಟ್ಟ ಆ ದಪ್ಪ ಲಾಳಗಳಲ್ಲಿ ಮೂರನ್ನು ಕಾಯಿಸಿ ಬಗ್ಗಿಸಿ ಗೇಟಿಗೆ ಕೀಲು ಮಾಡಿದ್ದಾಳೆ. ನಾಲ್ಕನೆಯದು ಗೇಟಿನ ಕಂಬದಲ್ಲಿದೆ. ಕಂಡಕ್ಟರ್ ಬಂದ ತಕ್ಷಣ ತಮ್ಮ ಹಳೆಯ ಚರ್ಮದ ಚೀಲವನ್ನು ಅದಕ್ಕೆ ನೇತುಹಾಕಿ, ಸ್ಟೂಲಿನ ಮೇಲೆ ಕೂರುತ್ತಾರೆ.