ಮಹಾನಂದಾಳ ಪಾಸ್‌ವರ್ಡ್

ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಯಾರಾದರೂ ದೆವ್ವದ ಕತೆ ತೆಗೆದರೆ ನಮ್ಮ ಸಿಸ್ಟರ್ ಎದ್ದು ಕಿಟಕಿ ತೆರೆದು, "ಗಾಳಿ, ಅಷ್ಟೇ" ಎನ್ನುತ್ತಿದ್ದರು. ನಾನೂ ಎಲ್ಲದಕ್ಕೂ ಗಾಳಿ ಎಂದೇ ಉತ್ತರ ಕೊಟ್ಟುಕೊಂಡು ಬಂದಿದ್ದೆ.

ನನ್ನ ನಾದಿನಿ ಮಹಾನಂದಾ ನಿಲಂಗಾದ ಒಂದು ಬೀಜ ಸೊಸೈಟಿಯ ಕಚೇರಿಯಲ್ಲಿದ್ದಾಳೆ. ನಮ್ಮ ಮನೆತನದಲ್ಲಿ ಹೊಲ ಬಿಟ್ಟು ಕುರ್ಚಿಯ ಮೇಲೆ ಕುಳಿತ ಮೊದಲ ಹೆಣ್ಣು. ಅಲ್ಲಿನ ಕಂಪ್ಯೂಟರುಗಳೆಲ್ಲ ಒಂದೇ ಜಾಲದಲ್ಲಿವೆ. ಯಾವುದರ ಮುಂದೆ ಯಾರು ಕುಳಿತಿದ್ದರೂ ಬೀಜ ಬಿಡುಗಡೆಯ ಪ್ರೋಗ್ರಾಮ್ ಮಾತ್ರ ಇವಳ ಹೆಸರಿನಲ್ಲೇ ಓಡಬೇಕು. 'ಬೇರೆ ಬಳಕೆದಾರರಾಗಿ ತೆರೆ' ಎಂದು ಒತ್ತಿ, ಇವಳು ಬಂದು ಹೆಸರು, ಪಾಸ್‌ವರ್ಡ್ ಕೊಡಬೇಕು. ಆಗ ಲಿಂಗಪೂಜೆಗೆ ಕುಳಿತವಳಂತೆ ಕೈಮೇಲೆ ಸೆರಗು ಹೊದಿಸಿಕೊಳ್ಳುತ್ತಾಳೆ. "ಮಹಾನಂದಾಬಾಯಿ ಪೂಜಿಗೆ ಕುಂತಾರ, ಗಂಟಿ ಬಾರಸ್ರಿ" ಎಂದು ಗುಮಾಸ್ತ ದತ್ತು ಕಾಡುತ್ತಾನೆ. ಆ ಪಾಸ್‌ವರ್ಡ್ ಅವಳ ಗಂಡನಿಗೂ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ, ಮೃಗಶಿರಾ ಮಳೆ ಬಿದ್ದು ನೆಲ ಹದವಾದ ದಿನ. ಜಳಕೋಟದ ಕಡೆಯ ರೈತರು ಸೋಯಾಬೀನ್ ಬೀಜಕ್ಕೆ ಬಂದು ಕುಳಿತಿದ್ದರು. ಇವತ್ತೇ ಕೊಡುತ್ತೇನೆಂದು ಮಹಾನಂದಾ ಮಾತು ಕೊಟ್ಟಿದ್ದಳು. ಅಷ್ಟರಲ್ಲಿ ಕಚೇರಿಯಲ್ಲೇ ಅವಳಿಗೆ ಹೊಟ್ಟೆನೋವು ಎದ್ದಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಪೆಂಡಿಕ್ಸಿನ ಆಪರೇಷನ್ನಿಗೆ ಒಳಗೆ ಒಯ್ದರು. ಬಿಟ್ಟುಬಂದಿದ್ದ ಚಸ್ಮಾ, ಬುತ್ತಿಡಬ್ಬಿ ತರಲು ನಾನು ಕಚೇರಿಗೆ ಹೋದೆ.

ಮ್ಯಾನೇಜರು ಸಿಡುಕುತ್ತಿದ್ದರು. "ಆಕಿ ಬಿಟ್ರ ಯಾರಿಗೂ ತೆರಿಯಂಗಿಲ್ಲಂದ್ರ ಹ್ಯಾಂಗ್ರೀ? ಹೆಣ್ಣಮಕ್ಕಳ ಕೈಯಾಗ ಕೀಲಿ ಕೊಟ್ರ ಹಿಂಗೇ. ನಾಳಿಂದ ಇದು ದತ್ತೂನ ಹೆಸರಿಗಿರಲಿ."

ನನ್ನ ಮುಖ ಬಿಸಿಯಾಯಿತು. ಸೀದಾ ಅವಳ ಮೇಜಿನತ್ತ ನಡೆದೆ. ಪರದೆಯ ಮೇಲೆ ಹೆಸರು ಕೇಳುವ ಚೌಕ ತೆರೆದೇ ಇತ್ತು. ಕೀಬೋರ್ಡಿನ ತುಂಬ ಶೇಂಗಾ ಸಿಪ್ಪೆ. ಅವಳನ್ನು ಒಯ್ದಮೇಲೆ ದತ್ತು ಅಲ್ಲಿ ಕುಳಿತು ತಿಂದದ್ದು. ಅವಳಿಗೆ ಇದು ಸೇರದೆಂದು ನಾನು ಸಿಪ್ಪೆಯನ್ನು ಆರಿಸಿ, ಖಾಲಿ ಬುತ್ತಿಡಬ್ಬಿಗೆ ಹಾಕಿ ಮುಚ್ಚಿದೆ.

ಕೈ ತೆಗೆದು ಹಿಂದೆ ಸರಿದಿದ್ದೆ. ಚೌಕದಲ್ಲಿ ಅವಳ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು. ಅದರ ಕೆಳಗೆ ಒಂದೊಂದೇ ಚುಕ್ಕಿ. ನಡುವೆ ಒಮ್ಮೆ ತಡೆಯಿತು, ಅವಳು ಬಳೆ ಹಿಂದಕ್ಕೆ ಸರಿಸಿಕೊಳ್ಳುವಷ್ಟು ಹೊತ್ತು. ಪ್ರೋಗ್ರಾಮ್ ತೆರೆಯಿತು, ಪ್ರಿಂಟರಿನಿಂದ ಬೀಜದ ಚೀಟಿಗಳು ಬರತೊಡಗಿದವು. ಮ್ಯಾನೇಜರು, ದತ್ತು, ನಾನು ಮೂವರೂ ನೋಡಿದೆವು.

"ಯಾರೂ ಮುಟ್ಟಿಲ್ರೀ," ಎಂದ ದತ್ತು.

ಜಾಲ ನೋಡಿಕೊಳ್ಳುವ ಲಾತೂರಿನವನು ದೂರದಿಂದ ತೆರೆದನೇನೋ ಎಂದು ಫೋನು ಹಚ್ಚಿದರೆ ಅವನು ಊಟಕ್ಕೆ ಕುಳಿತಿದ್ದ. ಅವಳ ಪಾಸ್‌ವರ್ಡ್ ಅವನಿಗೂ ತಿಳಿಯದು. ಮ್ಯಾನೇಜರು ಬಹಳ ಹೊತ್ತು ಪರದೆ ನೋಡಿ ಮೆಲ್ಲಗೆ, "ಅವರ ಹೆಸರಿಗೇ ಇರಲಿ" ಎಂದರು.

ಸಂಜೆ ಮಹಾನಂದಾ ಕಣ್ಣು ತೆರೆದಳು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ವೈನಿ, ಎಲ್ಲಾರಿಗೂ ಬೀಜ ಸಿಕ್ತಲಾ?"

"ಸಿಕ್ತವ್ವ. ಒಯ್ದಾರ."

ಅವಳು ದಿಂಬಿನ ಮೇಲೆ ನನ್ನತ್ತ ತಲೆ ಹೊರಳಿಸಿ, "ನನ್ನ ಕೀಬೋರ್ಡ್ ಮ್ಯಾಲ ಶೇಂಗಾ ಸಿಪ್ಪಿ ಚೆಲ್ಲಿದಾಂವ ದತ್ತೂನೇ ಹೌದಲ್ಲ?" ಎಂದಳು.

ಗಾಳಿ ಎನ್ನೋಣವೆಂದರೆ ಆಸ್ಪತ್ರೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಬುತ್ತಿಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ.

ಇವತ್ತಿಗೂ ಇದು ನನಗೆ ಬಗೆಹರಿದಿಲ್ಲ. ಆದರೆ ಮಹಾನಂದಾ ನಿಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ, ಸ್ವಲ್ಪ ನೆಟ್ಟಗೆ ಕುಳಿತುಕೊಂಡೇ ಉತ್ತರ ಕೊಡುತ್ತೇನೆ.