ಚಾಳೀಸಿನ ಬಗ್ಗೆ ಮೇಸ್ತ್ರಿ ಬರೆದ ಸಾಲು

ಬಾಟಲಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಚಾಳೀಸು ಎನ್ನುತ್ತಿದ್ದರು. ಇಪ್ಪತ್ತಾರಕ್ಕೇ ದಪ್ಪ ಕನ್ನಡಕ ಬಂದಿತ್ತು. ಹೆಸರಿನಲ್ಲಿ ಮಾತ್ರ ನಲವತ್ತು ದಾಟಿದ್ದ. ಬೆಳಗಿನಿಂದ ಸಂಜೆಯವರೆಗೆ ಬಾಟಲಿಗಳನ್ನು ದೀಪಕ್ಕೆ ಹಿಡಿದು ಗುಳ್ಳೆ, ಸೀಳು ಹುಡುಕುವುದು ಅವನ ಕೆಲಸ. ಮೂರು ವರ್ಷದಿಂದ ಹಂಗಾಮಿ. ಕಾಯಂ ಆಗಬೇಕಾದರೆ ಮೇಸ್ತ್ರಿ ಫಾರಂನಲ್ಲಿ ಅವನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕಿತ್ತು.

ಮೇಸ್ತ್ರಿ ಬರೆದ. ಅದನ್ನು ಆಫೀಸಿಗೆ ಮುಟ್ಟಿಸುವ ಕೆಲಸವೂ ಚಾಳೀಸಿನದೇ. ಮೆಟ್ಟಿಲ ಮೇಲೆ ನಿಂತು ಓದಿದ: ‘ಹಿ ಕೆನಾಟ್ ಬಿ ಬೆಟರ್.’ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೂ ಇಷ್ಟು ತಿಳಿಯುತ್ತಿತ್ತು. ಕೆನಾಟ್ ಎಂದರೆ ಆಗದು, ಬೆಟರ್ ಎಂದರೆ ಸುಧಾರಣೆ. ಅಂದರೆ, ಇವನು ಉದ್ಧಾರವಾಗುವ ಪೈಕಿ ಅಲ್ಲ. ಸಿಟ್ಟು ನೆತ್ತಿಗೇರಿ ವಾಪಸು ಬಂದ.

“ಏನಣ್ಣ ಇದು? ಮೂರು ವರ್ಷದಲ್ಲಿ ಒಂದು ಒಡಕು ಬಾಟಲಿ ಆಚೆ ಬಿಟ್ಟಿದೀನಾ?”

ಮೇಸ್ತ್ರಿ ತಲೆ ಎತ್ತಲಿಲ್ಲ. “ಎದುರು ಮಾತಾಡ್ತೀಯಲ್ಲ, ಅದು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಅದನ್ನೇ ಇಂಗ್ಲಿಷಲ್ಲಿ ಹಾಕಿದೀನಿ. ಹೋಗು, ಕೊಟ್ಟು ಬಾ.”

ಹರಿದು ಬಿಸಾಡುವಷ್ಟು ಸಿಟ್ಟಿತ್ತು. ಹರಿದರೆ ಇನ್ನೊಂದು ವರ್ಷ ಹಂಗಾಮಿ ಖಂಡಿತ; ಕೊಟ್ಟರೆ ಆಫೀಸಿನವರು ಮನಸ್ಸು ಮಾಡಿದರೂ ಮಾಡಬಹುದು. ವೀರಾವೇಶವನ್ನೆಲ್ಲ ನುಂಗಿಕೊಂಡು ಹೋಗಿ ಕೊಟ್ಟ.

ಆಫೀಸಿನ ಅಕ್ಕ ಓದಿ ಕಣ್ಣರಳಿಸಿದಳು. ಇವನಿಗಿಂತ ಒಳ್ಳೆಯ ಕೆಲಸಗಾರ ಇರಲು ಸಾಧ್ಯವೇ ಇಲ್ಲ ಎಂದು ಮೇಸ್ತ್ರಿ ಬರೆದಿದ್ದಾನಂತೆ. ಆ ಮನುಷ್ಯನ ಬಾಯಲ್ಲಿ ಇಂಥ ಹೊಗಳಿಕೆಯನ್ನು ಅವಳು ಹತ್ತು ವರ್ಷದಲ್ಲಿ ಕೇಳಿರಲಿಲ್ಲವಂತೆ. ಖಾತ್ರಿ ಮಾಡಿಕೊಳ್ಳಲು ಮೇಸ್ತ್ರಿಯನ್ನೇ ಕರೆಸಿದಳು.

ಅರ್ಥ ಕೇಳಿದ ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ಅಲ್ಲವೆಂದರೆ ತನಗೆ ಇಂಗ್ಲಿಷ್ ಬರದೆಂದು ಒಪ್ಪಿಕೊಳ್ಳಬೇಕು. ಹೌದೆಂದರೆ ಇವನು ಕಾಯಂ. ಚಾಳೀಸು ಕೈಕಟ್ಟಿ ನೋಡುತ್ತಿದ್ದ. ತಾನೂ ಆ ಸಾಲಿಗೆ ಮೇಸ್ತ್ರಿಯ ಅರ್ಥವನ್ನೇ ಹಚ್ಚಿದ್ದೆ, ಈ ವಿಷಯದಲ್ಲಿ ಇಬ್ಬರೂ ಒಂದೇ ಬಳ್ಳಿಯ ಕಾಯಿ ಎಂಬುದು ಅವನನ್ನು ಇನ್ನಷ್ಟು ಉರಿಸಿತು.

“ಅಕ್ಕ ಕೇಳ್ತಿದಾರೆ, ಹೇಳಣ್ಣ,” ಎಂದ. “ಇಂಗ್ಲಿಷ್ ಬೇಡ. ನಮ್ಮ ಮಾತಲ್ಲೇ ಹೇಳು.”

ಮೇಸ್ತ್ರಿ ಹಲ್ಲು ಕಡಿದ. “ಇವನಿಗಿಂತ ಒಳ್ಳೇವನು... ಸಿಗಲ್ಲ ಬಿಡಿ, ಮೇಡಂ.”

ಅಕ್ಕ ಮೊಹರು ಒತ್ತಿದಳು. ಮೇಸ್ತ್ರಿಗೆ ಒಂದು ಥ್ಯಾಂಕ್ಸ್ ಹೇಳಪ್ಪ ಎಂದಳು. ಮೂರು ವರ್ಷ ಕಣ್ಣು ಸವೆಸಿ ದುಡಿದದ್ದು ಗಿಟ್ಟಿಸದ ಕೆಲಸವನ್ನು ಒಂದು ತಪ್ಪು ಇಂಗ್ಲಿಷ್ ಗಿಟ್ಟಿಸಿಕೊಟ್ಟಿತ್ತು. ಥ್ಯಾಂಕ್ಸ್ ಯಾರಿಗೆ? ಕಾಯಂ ನೌಕರರು ಮಾತ್ರ ಹಾಕಬಲ್ಲಷ್ಟು ಜೋರಾಗಿ ಬಾಗಿಲು ಹಾಕಿಕೊಂಡು ಚಾಳೀಸು ಹೊರಬಿದ್ದ.