ಚಿಕ್ಕಮ್ಮನ ನೆಗ್ಗಿದ ಪಾತ್ರೆ

ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಚಿಕ್ಕಮ್ಮ ಮಹಾ ಜಗಳಗಂಟಿ. ಒಂದು ದಿನ ಹಿಡಿ ಕಿತ್ತುಹೋದ ದೊಡ್ಡ ಪಾತ್ರೆಯನ್ನು ರಿಪೇರಿಗೆ ಒಯ್ಯುವಾಗ ಆಲಿಕಲ್ಲು ಮಳೆ ಶುರುವಾಯಿತು. ಕಲ್ಲುಗಳು ಕಿಟಕಿ ಗಾಜು ಪುಡಿಮಾಡುತ್ತಿದ್ದವು, ಗಾಳಿ ಕೊಂಬೆ ಮುರಿದು ಬಿಸಾಡುತ್ತಿತ್ತು. ಚಿಕ್ಕಮ್ಮ ಪಾತ್ರೆಯನ್ನು ತಲೆಗೆ ಕವುಚಿಕೊಂಡು, ಮೋಡಕ್ಕೆ ಬಾಯಿಗೆ ಬಂದಂತೆ ಬೈಯುತ್ತಾ ನಡೆದರು. ಯಾವುದೋ ಅಂಗಡಿಯ ತಗಡಿನ ಬೋರ್ಡು ಹಾರಿಬಂದು ಢಣ್ ಎಂದು ಪಾತ್ರೆಗೆ ಬಡಿಯಿತು. ಚಿಕ್ಕಮ್ಮ ಚರಂಡಿ ಪಕ್ಕ ಉರುಳಿಬಿದ್ದರು. ಮೊಣಕೈಯಿಂದ ರಕ್ತ ಸುರಿಯುತ್ತಿದ್ದರೂ ಎದ್ದು ರಿಪೇರಿ ಅಂಗಡಿ ಸೇರಿದರು.

ರಿಪೇರಿಯವನು ಸುತ್ತಿಗೆ ಎತ್ತಿಕೊಂಡ. "ಅಯ್ಯೋ ಅಕ್ಕಾ, ಎಂಥಾ ನೆಗ್ಗು! ಮೊದಲು ಇದನ್ನ ಬಡಿದು ಸರಿಮಾಡ್ತೀನಿ."

"ಹಿಡಿ ಮಾತ್ರ ಹಾಕು. ನೆಗ್ಗು ಮುಟ್ಟಿದ್ರೆ ಕೈ ಮುರೀತೀನಿ!" ಚಿಕ್ಕಮ್ಮ ಗದರಿದರು. "ನನಗೆ ಬೀಳಬೇಕಿದ್ದ ಏಟನ್ನ ಪಾಪ ಅದು ತಿಂದಿದೆ. ಇನ್ನೊಂದು ಏಟು ಅದಕ್ಕೆ ಬೀಳೋಕೆ ನಾನು ಬಿಡಲ್ಲ."